ತಿರುತ್ತಣಿಯಿಂದ ಮೈಸೂರಿಗೆ: ಒಬ್ಬ ತಂದೆಯ ವಿದ್ಯೆಯ ದಾರಿ

ಮದರಾಸಿನಿಂದ ಮುಂಬಯಿಯ ಕಡೆಗೆ ಹೊರಟ ರೈಲು ಅರಕ್ಕೋಣದ ಜಂಕ್ಷನ್ನನ್ನು ಬಿಟ್ಟು ಉತ್ತರಕ್ಕೆ ತಿರುಗಿದ ಸ್ವಲ್ಪ ಹೊತ್ತಿಗೆಲ್ಲ ಬಯಲಿನ ನಡುವೆ ಒಂದು ಗುಡ್ಡವೂ ಗುಡ್ಡದ ನೆತ್ತಿಯ ಮೇಲೆ ಒಂದು ಗೋಪುರವೂ ಕಾಣಿಸಿಕೊಳ್ಳುತ್ತವೆ. ಅದೇ ತಿರುತ್ತಣಿ. ತಮಿಳುನಾಡಿನವರು ಮುರುಗನ ಆರು ಪಡೆವೀಡುಗಳಲ್ಲಿ ಒಂದೆಂದು ಕೈಮುಗಿಯುವ ಕ್ಷೇತ್ರ. ಸುಬ್ರಹ್ಮಣ್ಯನ ಗುಡಿಗೆ ಹತ್ತುವ ಮೆಟ್ಟಿಲುಗಳು 365. ವರ್ಷದ ದಿನಕ್ಕೊಂದು ಮೆಟ್ಟಿಲು ಎಂದು ಭಕ್ತರ ಲೆಕ್ಕ. ಆಡಿ ಕೃತ್ತಿಕೆಯಂದು ಹೂವಿನ ಕಾವಡಿಗಳನ್ನು ಹೊತ್ತ ಜನ ಆ ಮೆಟ್ಟಿಲುಗಳ ಮೇಲೆ ಸಾಲುಗಟ್ಟುತ್ತಾರೆ. ಉಳಿದ ದಿನಗಳಲ್ಲಿ ಊರು ತನ್ನ ಪಾಡಿಗೆ ತಾನಿರುತ್ತದೆ: ರೈಲು ನಿಲ್ದಾಣ, ಅಂಗಡಿಬೀದಿ, ಬಿಸಿಲು, ಗುಡ್ಡದ ನೆರಳು.

ಈ ಊರಿನ ಒಂದು ಬಡ ತೆಲುಗು ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ಬಾಲಕನೊಬ್ಬ ಮುಂದೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾಗಿ, ಭಾರತದ ರಾಷ್ಟ್ರಪತಿಯೂ ಆದನೆಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಹೆಸರಿನ ಶಾಲೆಯೂ ತಿರುತ್ತಣಿಯಲ್ಲಿದೆ. ಆದರೆ ಈ ಊರಿನಿಂದ ಮೈಸೂರಿನವರೆಗೆ, ಅಲ್ಲಿಂದ ಕಲ್ಕತ್ತೆಗೆ ಅವರು ನಡೆದ ದಾರಿಯನ್ನು ಮೊದಲು ಹೆಜ್ಜೆ ಹೆಜ್ಜೆಯಾಗಿ ಗುರುತಿಸಿ, ದಾಖಲೆಗಳೊಡನೆ ಒರೆಗೆ ಹಚ್ಚಿ ಬರೆದವರಲ್ಲಿ ಮುಖ್ಯರಾದವರು ಅವರ ಏಕಮಾತ್ರ ಪುತ್ರ ಎಂಬುದು ಅಷ್ಟಾಗಿ ಜನರ ನೆನಪಿನಲ್ಲಿಲ್ಲ. ತಂದೆಯ ವಿದ್ಯಾಭ್ಯಾಸವನ್ನೂ ಮೊದಲ ಉದ್ಯೋಗಗಳನ್ನೂ ಮಗನೊಬ್ಬ ಹುಡುಕಿ ತೆಗೆದ ಈ ಕಥೆಯನ್ನು ಊರೂರಾಗಿ ನಡೆದು ನೋಡುವುದು ಒಂದು ಬಗೆಯ ಯಾತ್ರೆಯೇ ಸರಿ.

ಮಗ ಸರ್ವೇಪಲ್ಲಿ ಗೋಪಾಲ್ ವೃತ್ತಿಯಿಂದಲೇ ಚರಿತ್ರಕಾರರು. ಆಕ್ಸ್‌ಫರ್ಡಿನಲ್ಲಿ ಲಾರ್ಡ್ ರಿಪನ್ನನ ಆಡಳಿತವನ್ನು ಕುರಿತು ಸಂಶೋಧನೆ ಮಾಡಿದವರು. ವಿದೇಶಾಂಗ ಇಲಾಖೆಯ ಚಾರಿತ್ರಿಕ ವಿಭಾಗದ ನಿರ್ದೇಶಕರಾಗಿದ್ದವರು. ಮೂರು ಸಂಪುಟಗಳಲ್ಲಿ ಜವಾಹರಲಾಲ ನೆಹರೂ ಅವರ ಜೀವನಚರಿತ್ರೆಯನ್ನು ರಚಿಸಿ, ಅದರ ಮೊದಲ ಸಂಪುಟಕ್ಕಾಗಿ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದವರು. ತಂದೆ 1975ರ ಏಪ್ರಿಲ್ 17ರಂದು ಮದರಾಸಿನಲ್ಲಿ ತೀರಿಕೊಂಡರು. ತಂದೆಯ ಜೀವನಚರಿತ್ರೆ ಹೊರಬಂದುದು 1989ರಲ್ಲಿ. ನಡುವೆ ಹದಿನಾಲ್ಕು ವರ್ಷ. ನೆಹರೂ ಅವರನ್ನು ಕುರಿತು ಬರೆಯುವಾಗ ಕೈಗೆ ಸಿಕ್ಕ ಕಾಗದಪತ್ರಗಳ ರಾಶಿ ಇಲ್ಲಿ ಸಿಕ್ಕುವಂತಿರಲಿಲ್ಲ. ಹಳ್ಳಿಯಂಥ ಊರಿನ ಬಡವರ ಮನೆಯ ಹುಡುಗನ ಪತ್ರಗಳನ್ನು ಯಾರು ಕಟ್ಟಿಟ್ಟಾರು?

ಇನ್ನೊಂದು ಕಷ್ಟವೂ ಇತ್ತು. ರಾಧಾಕೃಷ್ಣನ್ ತಮ್ಮ ವಿಷಯವಾಗಿ ಹೇಳಿಕೊಳ್ಳುವವರಲ್ಲ. 1937ರಲ್ಲಿ ಒಂದು, 1952ರಲ್ಲಿ ಒಂದು, ಹೀಗೆ ಎರಡು ಆತ್ಮಕಥನದಂಥ ಪ್ರಬಂಧಗಳನ್ನು ಬರೆದರಾದರೂ ಅವುಗಳಲ್ಲಿ ದೊರೆಯುವುದು ವಿಚಾರಗಳ ಕಥೆ. ಮನೆಯಲ್ಲಿ ಎಷ್ಟು ಮಂದಿ ಉಣ್ಣುತ್ತಿದ್ದರು, ಸಾಲ ಯಾರಿಂದ ತಂದರು, ಮಡದಿ ಏನೆಂದಳು ಎಂಬುದೆಲ್ಲ ಅಲ್ಲಿಲ್ಲ. ಮಗನಾದರೋ ಹುಟ್ಟಿದುದು 1923ರ ಏಪ್ರಿಲ್ 23ರಂದು. ಐವರು ಹೆಣ್ಣುಮಕ್ಕಳಿದ್ದ ಮನೆಯ ಒಬ್ಬನೇ ಗಂಡುಮಗ. ಆ ಹೊತ್ತಿಗೆ ತಂದೆ ಕಲ್ಕತ್ತೆಯ ಪ್ರಸಿದ್ಧ ಪ್ರಾಧ್ಯಾಪಕರು. ತಿರುತ್ತಣಿ, ತಿರುಪತಿ, ವೇಲೂರು, ಸೈದಾಪೇಟೆ, ರಾಜಮಹೇಂದ್ರಿ, ಮೈಸೂರು ಎಲ್ಲವೂ ಅವರು ಕಣ್ತೆರೆಯುವ ಮೊದಲೇ ಆಗಿಹೋಗಿದ್ದ ಸಂಗತಿಗಳು. ತಂದೆಯ ಆ ಅರ್ಧ ಆಯುಷ್ಯವನ್ನು ಮಗ ಪರರ ಚರಿತ್ರೆಯನ್ನು ಹುಡುಕುವಂತೆಯೇ ಹುಡುಕಬೇಕಾಯಿತು.

ಹುಡುಕುವವನಿಗೆ ತಿರುತ್ತಣಿಯೇ ಮೊದಲ ಗಂಟನ್ನು ಹಾಕುತ್ತದೆ. ಆ ಮಗು ಹುಟ್ಟಿದಾಗ ಊರು ಉತ್ತರ ಆರ್ಕಾಟು ಜಿಲ್ಲೆಯಲ್ಲಿತ್ತು. 1911ರಲ್ಲಿ ಚಿತ್ತೂರು ಜಿಲ್ಲೆ ಏರ್ಪಟ್ಟಾಗ ಅದರೊಳಗೆ ಸೇರಿತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಆಂಧ್ರಕ್ಕೆ ಹೋಯಿತು. 1960ರ ಏಪ್ರಿಲ್ 1ರಂದು ಗಡಿಯ ಒಪ್ಪಂದದ ಮೇರೆಗೆ ಮದರಾಸು ರಾಜ್ಯಕ್ಕೆ ಹಿಂದಿರುಗಿತು. ಈಗ ಅದು ತಿರುವಳ್ಳೂರು ಜಿಲ್ಲೆಯ ಊರು. ಗುಡ್ಡ ಒಂದಂಗುಲವೂ ಅಲ್ಲಾಡಲಿಲ್ಲ. ದಫ್ತರಗಳು ಮಾತ್ರ ಊರಿಂದೂರಿಗೆ ಅಲೆದವು. ಅಜ್ಜನ ಊರು ಯಾವ ಜಿಲ್ಲೆಯೆಂದು ಈಗಿನ ನಕ್ಷೆಯನ್ನು ನೋಡಿ ಹುಡುಕಹೊರಟವರು ಬರಿಗೈಯಲ್ಲಿ ಹಿಂದಿರುಗುವುದು ಇಂಥ ಕಡೆಗಳಲ್ಲಿಯೇ. ಬಳ್ಳಾರಿಯ ಕಡೆಯವರಿಗೂ ಕೊಳ್ಳೇಗಾಲದ ಕಡೆಯವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆತನದ ಹೆಸರು ಇನ್ನೂ ಹಿಂದಿನ ಊರೊಂದನ್ನು ತೋರಿಸುತ್ತದೆ. ಸರ್ವೇಪಲ್ಲಿ ಎಂಬುದು ನೆಲ್ಲೂರು ಜಿಲ್ಲೆಯ ಗ್ರಾಮ. ಪೂರ್ವಿಕರು ಎಂದೋ ಅಲ್ಲಿಂದ ಗುಳೆ ಬಂದವರು. ತೆಲುಗರಲ್ಲಿ ಮನೆಯ ಹೆಸರು ವ್ಯಕ್ತಿಯ ಹೆಸರಿನ ಮುಂದೆ ನಿಲ್ಲುವುದರಿಂದ, ಊರು ಬಿಟ್ಟು ಎಷ್ಟು ತಲೆಮಾರು ಕಳೆದರೂ ಆ ಊರು ಮನೆಯವರ ಬೆನ್ನು ಬಿಡುವುದಿಲ್ಲ. ತಂದೆ ವೀರಸ್ವಾಮಿ ಜಮೀನ್ದಾರಿಯ ಕಂದಾಯದ ಕೆಲಸದಲ್ಲಿ ಸಣ್ಣ ನೌಕರರು. ತಾಯಿ ಸೀತಮ್ಮ. ಮಕ್ಕಳು ಹಲವರು, ಬಂದ ಸಂಬಳ ಅಲ್ಪ.

ಇನ್ನು ಹುಟ್ಟಿದ ದಿನ. 1888ರ ಸೆಪ್ಟೆಂಬರ್ 5 ಎಂಬುದು ಸರ್ಕಾರದ ಲೆಕ್ಕ. 1962ರಿಂದ ಆ ದಿನವನ್ನು ದೇಶವೇ ಉಪಾಧ್ಯಾಯರ ದಿನವೆಂದು ಆಚರಿಸುತ್ತ ಬಂದಿದೆ. ಆದರೆ ಜೀವನಚರಿತ್ರೆಯ ಆರಂಭದಲ್ಲಿಯೇ ಮಗ ಬರೆದಿರುವುದು ಬೇರೆ ಮಾತು: ಆ ತಾರೀಖು ಸಂದೇಹಾಸ್ಪದವಾದುದು, ತಾವು ಹುಟ್ಟಿದುದು 1887ರ ಸೆಪ್ಟೆಂಬರ್ 20ರಂದು ಎಂದು ಸ್ವತಃ ರಾಧಾಕೃಷ್ಣನ್ನರೇ ನಂಬಿದ್ದರು. ಇದರಲ್ಲಿ ಆಶ್ಚರ್ಯಪಡಬೇಕಾದುದು ಅಷ್ಟೇನೂ ಇಲ್ಲ. ಜನನಗಳನ್ನು ದಾಖಲಿಸುವ ಕಾಯಿದೆ 1886ರಲ್ಲಿಯೇ ಬಂದಿತ್ತಾದರೂ ದಾಖಲಿಸಲೇಬೇಕೆಂಬ ಕಡ್ಡಾಯ ಅದರಲ್ಲಿರಲಿಲ್ಲ. ದೇಶಕ್ಕೆಲ್ಲ ಒಂದೇ ಬಗೆಯ ಕಡ್ಡಾಯದ ಕಾಯಿದೆ ಬಂದುದು 1969ರಲ್ಲಿ. ಹಿಂದಿನ ಕಾಲದಲ್ಲಿ ಹುಡುಗನನ್ನು ಶಾಲೆಗೆ ಸೇರಿಸುವ ದಿನ ಮನೆಯ ಹಿರಿಯರು ತಿಥಿ ನಕ್ಷತ್ರಗಳನ್ನು ಹೇಳುವರು, ಇಲ್ಲವೆ ‘ಊರಲ್ಲಿ ದೊಡ್ಡ ಮಳೆಯಾದ ವರ್ಷ’ ಎನ್ನುವರು. ಉಪಾಧ್ಯಾಯರು ತಮಗೆ ತೋರಿದ ಒಂದು ಇಂಗ್ಲಿಷ್ ತಾರೀಖನ್ನು ಪುಸ್ತಕದಲ್ಲಿ ಬರೆದುಕೊಳ್ಳುವರು. ಅಂದಿನಿಂದ ಅದೇ ಹುಟ್ಟುಹಬ್ಬ, ಅದೇ ನಿವೃತ್ತಿಯ ಲೆಕ್ಕ. ಶಾಲೆಗೊಂದು ವಯಸ್ಸು, ಜಾತಕಕ್ಕೊಂದು ವಯಸ್ಸು ಇರುವ ತಾತಂದಿರು ಯಾವ ಮನೆಯಲ್ಲಿಲ್ಲ? ಆದರೆ ದೇಶವೇ ದೀಪ ಹಚ್ಚುವ ತಾರೀಖಿನ ಮೇಲೆ ಸಂದೇಹದ ಬೆರಳಿಡುವುದಕ್ಕೆ ಮಗನಲ್ಲಿ ಚರಿತ್ರಕಾರನ ಎದೆಗಾರಿಕೆ ಬೇಕು.

ತಿರುತ್ತಣಿಯಿಂದ ಮುಂದಿನ ನಿಲ್ದಾಣ ತಿರುಪತಿ. ದೂರ ಹೆಚ್ಚಿಲ್ಲ. 1896ರಲ್ಲಿ ಹುಡುಗ ಅಲ್ಲಿಯ ಲೂಥರನ್ ಮಿಷನ್ ಶಾಲೆಗೆ ಸೇರಿದ. ಇದು ಜರ್ಮನಿಯ ಹೆರ್ಮನ್ಸ್‌ಬರ್ಗ್ ಎಂಬ ಊರಿನಿಂದ ಬಂದ ಪಾದ್ರಿಗಳು ನಡೆಸುತ್ತಿದ್ದ ಶಾಲೆ. ಒಂದು ಕಡೆ ಏಳು ಬೆಟ್ಟಗಳ ಮೇಲೆ ವೆಂಕಟರಮಣ. ಬೀದಿಯಲ್ಲಿ ‘ಗೋವಿಂದಾ ಗೋವಿಂದಾ’ ಎಂದು ಕೂಗುತ್ತ ಮುಡಿ ಕೊಡಲು ಹೊರಟ ಯಾತ್ರಿಕರು. ಬೆಟ್ಟದ ಬುಡದಲ್ಲಿಯೇ ಬೈಬಲ್ಲಿನ ಪಾಠ. ನಾಲ್ಕು ವರ್ಷ ಈ ಎರಡು ಧ್ವನಿಗಳ ನಡುವೆ ಆ ಹುಡುಗ ಬೆಳೆದ. ಇಲ್ಲಿ ಮೊದಲಾದುದು ವೇಲೂರಿನಲ್ಲಿಯೂ ಮದರಾಸಿನಲ್ಲಿಯೂ ಮುಂದುವರಿಯಿತು. 1896ರಿಂದ 1908ರವರೆಗೆ ಹನ್ನೆರಡು ವರ್ಷ, ಎಂದರೆ ಹಿಂದಿನವರು ಗುರುಕುಲವಾಸಕ್ಕೆ ಹೇಳುತ್ತಿದ್ದ ಸರಿಯಾದ ಅವಧಿ, ಭಾರತೀಯ ದರ್ಶನದ ಈ ಭಾವೀ ಪ್ರವಕ್ತಾರರು ಓದಿದುದೆಲ್ಲ ಕ್ರೈಸ್ತ ಮಿಷನರಿಗಳ ವಿದ್ಯಾಸಂಸ್ಥೆಗಳಲ್ಲಿ.

1900ರಲ್ಲಿ ವೇಲೂರು. ಆ ಊರನ್ನು ಕುರಿತು ಸ್ಥಳೀಯರು ಹೇಳುವ ಹಳೆಯ ಮಾತೊಂದಿದೆ: ನೀರಿಲ್ಲದ ನದಿ, ಅರಸನಿಲ್ಲದ ಕೋಟೆ, ದೇವರಿಲ್ಲದ ಗುಡಿ. ನದಿ ಪಾಲಾರ್. ಗುಡಿ ಕೋಟೆಯೊಳಗಿನ ಜಲಕಂಠೇಶ್ವರ. ಕಲ್ಲಿನ ಕೆತ್ತನೆಯಲ್ಲಿ ದಕ್ಷಿಣ ದೇಶದ ಯಾವ ಮಂಟಪಕ್ಕೂ ಕಡಿಮೆಯಿಲ್ಲದ ಕಲ್ಯಾಣ ಮಂಟಪವನ್ನು ಹೊಂದಿಯೂ ಬಹುಕಾಲ ಪೂಜೆಯಿಲ್ಲದೆ ನಿಂತಿತ್ತು. 1981ರಲ್ಲಿ ಮತ್ತೆ ಲಿಂಗ ಪ್ರತಿಷ್ಠೆಯಾಗಿ ಈಗ ಗಂಟೆ ಮೊಳಗುತ್ತಿದೆ. ಕಂದಕದ ನೀರಿನಲ್ಲಿ ನೆರಳು ಬಿಟ್ಟ ಆ ಕೋಟೆಯನ್ನು ಕನ್ನಡಿಗರು ಸುಮ್ಮನೆ ನೋಡಿ ಬರುವಂತಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟೀಪು ಸುಲ್ತಾನನ ಮಕ್ಕಳನ್ನು ತಂದಿರಿಸಿದುದು ಇಲ್ಲಿಯೇ. 1806ರ ಜುಲೈ 10ರಂದು ಸಿಪಾಯಿಗಳು ದಂಗೆಯೆದ್ದುದೂ, ಅದರ ತರುವಾಯ ರಾಜಪುತ್ರರನ್ನು ದೂರದ ಕಲ್ಕತ್ತೆಗೆ ಸಾಗಿಸಿದುದೂ ಈ ಗೋಡೆಗಳೊಳಗಿನ ಕಥೆ.

ಹುಡುಗ ಓದಿದುದು ಅಮೆರಿಕದ ಆರ್ಕಾಟ್ ಮಿಷನ್ನಿನವರ ಕಾಲೇಜಿನಲ್ಲಿ. ವೂರೀಸ್ ಕಾಲೇಜೆಂದು ಅದರ ಹೆಸರು. ಅವನು ಊರಿಗೆ ಬಂದ 1900ರಲ್ಲಿಯೇ ಅದೇ ಮಿಷನ್ನಿನ ಮನೆತನವೊಂದಕ್ಕೆ ಸೇರಿದ ಐಡಾ ಸ್ಕಡರ್ ಎಂಬ ವೈದ್ಯೆ ಒಂದೇ ಹಾಸಿಗೆಯ ಚಿಕಿತ್ಸಾಲಯವನ್ನು ತೆರೆದರು. ಇಂದು ದೇಶದ ಮೂಲೆ ಮೂಲೆಗಳಿಂದ ರೋಗಿಗಳು ಹುಡುಕಿಕೊಂಡು ಹೋಗುವ ವೇಲೂರಿನ ದೊಡ್ಡ ಆಸ್ಪತ್ರೆಯ ಬೀಜ ಅದು. ಮಿಷನರಿ ಗುರುಗಳು ಬುದ್ಧಿವಂತ ಬಡ ಹುಡುಗನಿಗೆ ವಿದ್ಯಾರ್ಥಿವೇತನದ ಆಸರೆಯನ್ನೂ ಕೊಟ್ಟರು, ಹಿಂದೂ ಧರ್ಮದ ಮೇಲೆ ಕಠಿನ ಟೀಕೆಗಳನ್ನೂ ಕೇಳಿಸಿದರು. ಆ ಟೀಕೆಗಳು ತಮ್ಮ ನಂಬಿಕೆಯನ್ನು ಅಲುಗಿಸಿದುದನ್ನೂ, ಅದರಿಂದಲೇ ತಾವು ಹಿಂದೂ ದರ್ಶನವನ್ನು ಪರೀಕ್ಷಿಸಿ ನೋಡಹೊರಟುದನ್ನೂ ರಾಧಾಕೃಷ್ಣನ್ ಮುಂದೆ ಬರೆದಿದ್ದಾರೆ. ಆ ದಿನಗಳಲ್ಲಿ ವಿವೇಕಾನಂದರ ಪತ್ರಗಳು ಕೈಬರಹದ ಪ್ರತಿಗಳಾಗಿ ವಿದ್ಯಾರ್ಥಿಗಳ ಕೈಯಿಂದ ಕೈಗೆ ಸಾಗುತ್ತಿದ್ದುವಂತೆ. ಕುಗ್ಗಿದ ಹುಡುಗನಿಗೆ ಅವು ಧೈರ್ಯ ಕೊಟ್ಟವು.

ವೇಲೂರಿನಲ್ಲಿ ಓದುತ್ತಿದ್ದಾಗಲೇ, 1903ರಲ್ಲಿ ಮದುವೆ ಆಯಿತು. ವರನಿಗೆ ಹದಿನೈದು ಹದಿನಾರು. ವಧು ಶಿವಕಾಮು, ಇನ್ನೂ ಹತ್ತರ ಆಸುಪಾಸಿನ ಬಾಲೆ. ಇಲ್ಲಿ ಹುಡುಕುವವನ ಎದುರಿಗೆ ಬರುವುದು ಗಂಟಲ್ಲ, ಗೋಡೆ. ಗಂಡನ ಹೆಸರು ಶಾಲೆಯ ಹಾಜರಿಯಲ್ಲಿದೆ, ವಿಶ್ವವಿದ್ಯಾನಿಲಯದ ಪಟ್ಟಿಯಲ್ಲಿದೆ, ಸರ್ಕಾರದ ಗ್ಯಾಸೆಟ್ಟಿನಲ್ಲಿದೆ, ಪುಸ್ತಕಗಳ ಹೊದಿಕೆಯ ಮೇಲಿದೆ. ಹೆಂಡತಿಯ ಹೆಸರು ಇವು ಯಾವುದರಲ್ಲಿಯೂ ಇಲ್ಲ. ಅತ್ತೆಯ ಮನೆಗೆ ಬಂದು, ಸಾಲದ ಸಂಸಾರವನ್ನು ನಡೆಸಿ, ಮಕ್ಕಳನ್ನು ಹೆತ್ತು, ಗಂಡ ಊರೂರಿಗೆ ವರ್ಗವಾದಂತೆ ಪಾತ್ರೆಪಗಡಗಳನ್ನು ಗಂಟು ಕಟ್ಟಿದ ಹೆಂಗಸಿನ ‘ಸೇವಾ ವಿವರ’ವನ್ನು ಯಾವ ಇಲಾಖೆ ಬರೆದಿಟ್ಟಿದೆ? ಆಕೆ 1956ರಲ್ಲಿ ತೀರಿಕೊಂಡಾಗ ಪತಿ ಉಪರಾಷ್ಟ್ರಪತಿ. ತಂದೆಯ ಪಾಂಡಿತ್ಯವನ್ನು ಆದರದಿಂದ ಬರೆದ ಮಗ, ದಾಂಪತ್ಯದಲ್ಲಿ ತಂದೆ ತಪ್ಪಿ ನಡೆದುದನ್ನೂ ಅದರಿಂದ ತಾಯಿ ಪಟ್ಟ ನೋವನ್ನೂ ಬಚ್ಚಿಡಲಿಲ್ಲ. ಕೆಲವರು ಹುಬ್ಬುಗಂಟಿಕ್ಕಿದರು. ಮಗ ತಂದೆಯ ವಿಷಯವಾಗಿ ಇಂಥದನ್ನು ಬರೆಯಬಹುದೇ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳೂ ಇರಬಹುದು. ಆದರೆ ಅವರು ಬರೆಯದಿದ್ದರೆ ಆ ತಾಯಿಯ ಬಾಳು ಎಲ್ಲಿಯೂ ಉಳಿಯುತ್ತಿರಲಿಲ್ಲ ಎಂಬುದನ್ನೂ ನೆನೆಯಬೇಕು.

1904ರಲ್ಲಿ ದಾರಿ ಮದರಾಸಿಗೆ ತಿರುಗಿತು. ಕ್ರಿಶ್ಚಿಯನ್ ಕಾಲೇಜ್ ಎಂದೊಡನೆ ಇಂದಿನವರು ತಾಂಬರಂನ ಹಸಿರು ತೋಪುಗಳನ್ನು ನೆನೆಯುತ್ತಾರೆ. ಅಲ್ಲಿಗೆ ಹೋಗಿ ಹುಡುಕಿದರೆ ರಾಧಾಕೃಷ್ಣನ್ ಕುಳಿತ ಕೊಠಡಿ ಸಿಕ್ಕುವುದಿಲ್ಲ. ಕಾಲೇಜು ತಾಂಬರಂಗೆ ಹೋದುದು 1937ರಲ್ಲಿ. ಅದಕ್ಕೆ ಮೊದಲು ಅದು ಇದ್ದುದು ನಗರದ ನಟ್ಟನಡುವೆ, ಜಾರ್ಜ್ ಟೌನಿನ ಎಸ್ಪ್ಲನೇಡ್ ರಸ್ತೆಯಲ್ಲಿ, ಹೈಕೋರ್ಟಿನ ಕೆಂಪು ಗುಮ್ಮಟಗಳಿಗೆ ಎದುರಾಗಿ. ಆ ನೆರೆಯಲ್ಲಿ ಈಗ ವ್ಯಾಪಾರದ ಗದ್ದಲ. ಬಸ್ಸುಗಳ ಹೊಗೆಯ ನಡುವೆ ಆಂಡರ್ಸನ್ ಚರ್ಚು ಮಾತ್ರ, ಕಾಲೇಜಿನ ಮೂಲಪುರುಷನ ಹೆಸರನ್ನು ಹೊತ್ತು, ಹಳೆಯ ದಿನಗಳ ಸಾಕ್ಷಿಯಾಗಿ ನಿಂತಿದೆ. ಮಗ ಗೋಪಾಲರೂ ಕ್ರಿಶ್ಚಿಯನ್ ಕಾಲೇಜಿನ ವಿದ್ಯಾರ್ಥಿಯೇ. ಹೆಸರು ಒಂದೇ, ಆದರೆ ತಂದೆ ಓದಿದ ಕಟ್ಟಡದಲ್ಲಿ ಮಗ ಓದಲಿಲ್ಲ.

ತತ್ತ್ವಶಾಸ್ತ್ರವನ್ನು ರಾಧಾಕೃಷ್ಣನ್ ಆರಿಸಿಕೊಂಡ ಬಗೆ ಅವರೇ ಹೇಳಿಕೊಂಡ ಕೆಲವೇ ಮನೆಯ ಮಾತುಗಳಲ್ಲಿ ಒಂದು. ಗಣಿತವೋ, ವಿಜ್ಞಾನವೋ, ಚರಿತ್ರೆಯೋ ಎಂದು ತೋಚದೆ ಇದ್ದಾಗ, ಆಗ ತಾನೇ ಪದವಿ ಪಡೆದಿದ್ದ ದಾಯಾದಿಯೊಬ್ಬರು ತಮ್ಮ ಹಳೆಯ ಪಠ್ಯಪುಸ್ತಕಗಳನ್ನು ಕೊಟ್ಟರು. ಸ್ಟೌಟನ ಮನಶ್ಶಾಸ್ತ್ರ, ವೆಲ್ಟನನ ತರ್ಕಶಾಸ್ತ್ರ, ಮೆಕೆಂಜಿಯ ನೀತಿಶಾಸ್ತ್ರ. ಪುಸ್ತಕ ಕೊಳ್ಳುವ ಖರ್ಚು ಉಳಿಯಿತು; ವಿಷಯವೂ ನಿಶ್ಚಯವಾಯಿತು. ಮೂರು ಹಳೆಯ ಪುಸ್ತಕಗಳು ಪುಕ್ಕಟೆಯಾಗಿ ಸಿಕ್ಕದೆ ಇದ್ದಿದ್ದರೆ ಆ ಹುಡುಗ ಬಹುಶಃ ಚಿತ್ತೂರಿನ ಕಡೆ ಒಬ್ಬ ಗಣಿತದ ಮೇಷ್ಟರಾಗಿ ನಿವೃತ್ತನಾಗುತ್ತಿದ್ದನೋ ಏನೋ! ದಾಖಲೆಗಳು ಇಂಥ ಸಂಗತಿಯನ್ನು ಎಂದಿಗೂ ಹೇಳುವುದಿಲ್ಲ. ಪಟ್ಟಿಯಲ್ಲಿ ‘ತತ್ತ್ವಶಾಸ್ತ್ರ’ ಎಂದಷ್ಟೇ ಇರುತ್ತದೆ. ಯಾಕೆ ಎಂಬುದು ಮನೆಯವರ ಬಾಯಲ್ಲಿ ಮಾತ್ರ ಉಳಿಯುತ್ತದೆ, ಕೇಳುವವರಿದ್ದರೆ.

ಎಂ.ಎ. ಪದವಿಗಾಗಿ 1908ರಲ್ಲಿ ಅವರು ಬರೆದ ಪ್ರಬಂಧದ ವಸ್ತು ವೇದಾಂತದ ನೀತಿ ಮತ್ತು ಅದಕ್ಕೆ ಆಧಾರವಾದ ತತ್ತ್ವ. ಜಗತ್ತೇ ಮಾಯೆ ಎನ್ನುವ ವೇದಾಂತದಲ್ಲಿ ನೀತಿಗೆ ಎಡೆಯೆಲ್ಲಿ ಎಂದು ಪಾದ್ರಿಗಳು ಕೇಳುತ್ತಿದ್ದ ಪ್ರಶ್ನೆಗೆ ಇಪ್ಪತ್ತರ ತರುಣ ಕೊಟ್ಟ ಉತ್ತರ ಅದು. ಅದನ್ನು ಓದಿ ಮೆಚ್ಚಿ ಯೋಗ್ಯತಾಪತ್ರವನ್ನು ಬರೆದುಕೊಟ್ಟವರು ಅವರ ಗುರು, ಮಿಷನರಿಯೇ ಆದ ಎ. ಜಿ. ಹಾಗ್. ಶಿಷ್ಯ ತಮ್ಮನ್ನೇ ಎದುರಿಸಿ ಬರೆದುದನ್ನು ಕೊಂಡಾಡಿದ ಗುರುವಿನ ದೊಡ್ಡತನವನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಓದು ಮುಗಿಯಿತು, ಹೊಟ್ಟೆಯ ಪ್ರಶ್ನೆ ಎದ್ದಿತು. ಇಂಗ್ಲೆಂಡಿಗೆ ಹೋಗಿ ಓದುವ ಆಸೆ ಇದ್ದರೂ ಅದಕ್ಕೆ ಹಣವೆಲ್ಲಿಯದು? 1909ರ ಏಪ್ರಿಲಿನಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಸಮುದ್ರದ ಮರಳಿಗೆ ಮುಖ ಮಾಡಿ, ಚಿಸಮ್ ಎಂಬ ಶಿಲ್ಪಿಯ ಯೋಜನೆಯಂತೆ ಎದ್ದು, 1870ರಲ್ಲಿ ತೆರೆದ ಆ ಕೆಂಪು ಕಟ್ಟಡ ಇಂದಿಗೂ ಕಾಲೇಜಾಗಿಯೇ ಇದೆ. ಸಂಜೆಯ ಗಾಳಿಗೆ ಮರೀನಾದಲ್ಲಿ ಅಡ್ಡಾಡುವ ಸಾವಿರಾರು ಮಂದಿ ಅದರ ಗಡಿಯಾರವನ್ನು ನೋಡಿಯೇ ಮನೆಗೆ ಹೊರಡುತ್ತಾರೆ. ಆದರೆ ಹೊರಗಿನ ಚೆಲುವು ಒಳಗಿನ ನೌಕರನಿಗೆ ಊಟ ಕೊಡದು. ಆ ಕಾಲದ ವಿದ್ಯಾ ಇಲಾಖೆಯಲ್ಲಿ ಮೆಟ್ಟಿಲುಗಳಿದ್ದವು. ‘ಇಂಡಿಯನ್’ ಎಂಬ ಹೆಸರಿನ ಮೇಲಿನ ಶ್ರೇಣಿಯಲ್ಲಿ ಬಹುಮಟ್ಟಿಗೆ ಇಂಗ್ಲಿಷರು. ಕೆಳಗಿನ ಪ್ರಾಂತೀಯ ಶ್ರೇಣಿಗಳಲ್ಲಿ ಇಂಡಿಯಾದವರು. ಹೆಸರಿನ ಈ ವಿನೋದವನ್ನು ಅನುಭವಿಸುವಷ್ಟು ಸಂಬಳ ಕೆಳಗಿನವರಿಗೆ ಬರುತ್ತಿರಲಿಲ್ಲ. ಊರಿನಲ್ಲಿದ್ದ ತಂದೆತಾಯಿ, ತಮ್ಮಂದಿರು, ಮನೆಯಲ್ಲಿ ಮಡದಿ ಮಕ್ಕಳು; ಸಾಲ ಬೆಳೆಯಿತು. ಬಾಳೆಯ ಎಲೆಗೂ ಕಾಸಿಲ್ಲದೆ ನೆಲವನ್ನೇ ತೊಳೆದು ಅದರ ಮೇಲೆ ಉಂಡರೆಂಬ ಕಥೆಯೂ ಗೆದ್ದ ಪದಕಗಳನ್ನು ಕಳೆದುಕೊಂಡ ಕಥೆಯೂ ಜನರ ಬಾಯಲ್ಲಿವೆ.

ಅಧ್ಯಾಪಕನಾಗಿ ನಿಲ್ಲಬೇಕಾದರೆ ಬೋಧನೆಯ ತರಬೇತಿಯೂ ಆಗಬೇಕೆಂಬುದು ನಿಯಮ. 1910ರಲ್ಲಿ ಸೈದಾಪೇಟೆಯ ಟೀಚರ್ಸ್ ಕಾಲೇಜಿಗೆ ಹೋದರು. ಎಂ.ಎ. ಆದವರು ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕುಳಿತರು. ಮನಶ್ಶಾಸ್ತ್ರದಲ್ಲಿ ಇವರ ತಿಳಿವನ್ನು ಕಂಡ ಮೇಲೆ ಜೊತೆಯವರಿಗೆ ಇವರೇ ಉಪನ್ಯಾಸ ಕೊಡುವ ಏರ್ಪಾಡಾಯಿತು. 1912ರಲ್ಲಿ ಪ್ರಕಟವಾದ ಮನಶ್ಶಾಸ್ತ್ರದ ಅವರ ಚಿಕ್ಕ ಪುಸ್ತಕದ ಮೂಲ ಅದು.

ಇಷ್ಟು ವಿವರಗಳನ್ನು ಹುಡುಕುವವನು ಎಲ್ಲಿಗೆ ಹೋಗಬೇಕು? ದಾರಿ ತೀರ ಗುಟ್ಟಿನದಲ್ಲ. ಮದರಾಸು ವಿಶ್ವವಿದ್ಯಾನಿಲಯ ವರ್ಷವರ್ಷವೂ ಅಚ್ಚು ಹಾಕಿಸುತ್ತಿದ್ದ ಕ್ಯಾಲೆಂಡರುಗಳಲ್ಲಿ ಪದವೀಧರರ ಹೆಸರು, ಕಾಲೇಜು, ದರ್ಜೆಗಳು ದೊರೆಯುತ್ತವೆ. ಸರ್ಕಾರಿ ನೌಕರನ ನೇಮಕ, ರಜೆ, ವರ್ಗ ಎಲ್ಲವೂ ಫೋರ್ಟ್ ಸೇಂಟ್ ಜಾರ್ಜ್ ಗ್ಯಾಸೆಟ್ಟಿನಲ್ಲಿ ಸಾಲುಸಾಲಾಗಿ ಬರುತ್ತಿದ್ದವು. ಎಗ್ಮೋರಿನಲ್ಲಿ 1909ರಲ್ಲಿ ಸ್ಥಾಪಿಸಿದ ದಾಖಲೆಗಳ ಕಚೇರಿ ಇದೆ. ಕೆಂಪು ಇಟ್ಟಿಗೆಯ ಗೋಡೆಗಳ ಹಿಂದೆ ಕಂಪನಿ ಸರ್ಕಾರದ ಕಾಲದಿಂದಲೂ ಬಂದ ಕಡತಗಳು ಮಲಗಿವೆ. ಕನ್ನಡ ನಾಡಿನ ಮನೆಗಳಿಗೂ ಈ ವಿವರ ಉಪಯೋಗಕ್ಕೆ ಬಂದೀತು. 1916ಕ್ಕೆ ಮೊದಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೋ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿಯೋ ಬಿ.ಎ. ಮಾಡಿದ ಮುತ್ತಾತನ ಪದವಿ ಮೈಸೂರಿನದಲ್ಲ, ಮದರಾಸಿನದು. ಹೆಸರು ಇರುವುದು ಆ ಕ್ಯಾಲೆಂಡರಿನಲ್ಲಿ. ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯವರಾದರೆ ಮುಂಬಯಿಯ ವಿಶ್ವವಿದ್ಯಾನಿಲಯದ ಪಟ್ಟಿಗಳನ್ನು ತಿರುವಬೇಕು. ಅವರಿಗೆ ತಮ್ಮದೇ ಆದ ಕರ್ನಾಟಕ ವಿಶ್ವವಿದ್ಯಾನಿಲಯ ಬಂದುದು 1949ರಲ್ಲಿ. ಮೈಸೂರು ಸಂಸ್ಥಾನದ ನೌಕರರ ಜಾಡು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿಯೂ ಹಳೆಯ ಮೈಸೂರು ಗ್ಯಾಸೆಟ್ಟಿನಲ್ಲಿಯೂ ಸಿಕ್ಕುತ್ತದೆ. ಇದಕ್ಕೆಲ್ಲ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ: ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯನ್ನು ಗುಜರಿಯವನಿಗೆ ಹಾಕದೆ ಇರುವುದು.

ಸೈದಾಪೇಟೆಯ ತರುವಾಯ ಕೆಲವು ವರ್ಷ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದು, ಆಮೇಲೆ ಗೋದಾವರಿಯ ದಡದ ರಾಜಮಹೇಂದ್ರಿಯ ಸರ್ಕಾರಿ ಕಾಲೇಜಿಗೆ ವರ್ಗವಾದರು. ಮದರಾಸನ್ನು ಬಿಡಬೇಕಾಯಿತೆಂಬುದು ಬೇಸರದ ಮಾತಾದರೂ ಊರು ಬೇಸರದ್ದಲ್ಲ. ಮೈಲಿಗಟ್ಟಲೆ ಅಗಲದ ನದಿ. ಅದರ ಮೇಲೆ ಆಗಿನ್ನೂ ಹೊಸದೆನಿಸುತ್ತಿದ್ದ ಹ್ಯಾವ್‌ಲಾಕ್ ಸೇತುವೆ. ತೆಲುಗು ನಾಡಿನಲ್ಲಿ ವಿಧವಾ ವಿವಾಹಕ್ಕಾಗಿ ಹೋರಾಡಿದ ಕಂದುಕೂರಿ ವೀರೇಶಲಿಂಗಂ ಪಂತುಲು ಬಾಳಿದ ಊರು. ಮನೆಮಾತು ತೆಲುಗಾದ ತರುಣ ಪ್ರಾಧ್ಯಾಪಕನಿಗೆ ಅದು ಅಪರಿಚಿತ ಸ್ಥಳವೇನೂ ಅಲ್ಲ. ಆದರೆ ಅಲ್ಲಿ ಅವರು ಹೆಚ್ಚು ಕಾಲ ನಿಲ್ಲಲಿಲ್ಲ.

1918ರಲ್ಲಿ ಮೈಸೂರು ಕರೆಯಿತು. ವಿಶ್ವವಿದ್ಯಾನಿಲಯ ಹುಟ್ಟಿ ಎರಡೇ ವರ್ಷ. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು, ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳು. ದೇಶೀಯ ಸಂಸ್ಥಾನಗಳಲ್ಲಿಯೇ ಮೊದಲನೆಯದಾದ ಆ ವಿಶ್ವವಿದ್ಯಾನಿಲಯಕ್ಕೆ ವಿದ್ವಾಂಸರನ್ನು ಎಲ್ಲಿಂದಾದರೂ ಹುಡುಕಿ ತರಬೇಕೆಂಬ ಉತ್ಸಾಹವಿತ್ತು. ಬಣ್ಣ, ಶ್ರೇಣಿ, ಪ್ರಾಂತಗಳ ಲೆಕ್ಕದಲ್ಲಿ ಮದರಾಸು ಸರ್ಕಾರ ಕೆಳಗಿನ ಮೆಟ್ಟಿಲಿನಲ್ಲಿ ಕೂರಿಸಿದ್ದ ತರುಣನನ್ನು ಮೈಸೂರು ಕರೆದು ಪ್ರಾಧ್ಯಾಪಕನ ಪೀಠದ ಮೇಲೆ ಕೂರಿಸಿತು. ವಯಸ್ಸು ಮೂವತ್ತು. ಕನ್ನಡಿಗರು ಹೆಮ್ಮೆಪಡುವುದಕ್ಕೆ ಇದಕ್ಕಿಂತ ಬೇರೆ ನೆವ ಬೇಕಾಗಿಲ್ಲ.

ಮಹಾರಾಜಾ ಕಾಲೇಜಿನ ಅಂದಿನ ದಿನಗಳನ್ನು ಕಂಡವರು ಅದನ್ನು ಕುರಿತು ಬರೆಯುವಾಗ ಲೇಖನಿಗೆ ರೆಕ್ಕೆ ಬರುತ್ತಿತ್ತು. ಎತ್ತರದ ಚಾವಣಿಯ ಜೂನಿಯರ್ ಬಿ.ಎ. ಹಾಲು, ಉದ್ದನೆಯ ಜಗುಲಿಗಳು, ಸಂಜೆಗೆ ಕುಕ್ಕರಹಳ್ಳಿ ಕೆರೆಯ ಏರಿ. ಮಿತಭಾಷಿಗಳಾದ ಎಂ. ಹಿರಿಯಣ್ಣನವರು ಅದೇ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸುತ್ತಿದ್ದರು. ಭಾರತೀಯ ದರ್ಶನವನ್ನು ಇಂಗ್ಲಿಷಿನಲ್ಲಿ ಜಗತ್ತಿಗೆ ತಿಳಿಸಿದ ಇಬ್ಬರು ಒಂದೇ ಜಗುಲಿಯಲ್ಲಿ ನಡೆದಾಡಿದರೆಂದರೆ ಸಣ್ಣ ಸಂಗತಿಯಲ್ಲ. ಒಬ್ಬರ ಮಾತು ಗೋದಾವರಿಯ ಪ್ರವಾಹ. ಇನ್ನೊಬ್ಬರದು ಅಳೆದು ಸುರಿದ ತೀರ್ಥ. ಒಬ್ಬರ ‘ಇಂಡಿಯನ್ ಫಿಲಾಸಫಿ’ 1923ರಲ್ಲಿಯೂ 1927ರಲ್ಲಿಯೂ ಎರಡು ಸಂಪುಟಗಳಾಗಿ ಬಂದಿತು. ಇನ್ನೊಬ್ಬರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ 1932ರಲ್ಲಿ. ಎರಡೂ ಇಂದಿಗೂ ವಿದ್ಯಾರ್ಥಿಗಳ ಕೈಯಲ್ಲಿವೆ.

ಮೈಸೂರಿನ ಮೂರು ವರ್ಷ ರಾಧಾಕೃಷ್ಣನ್ನರಿಗೆ ನೆಮ್ಮದಿಯಿಂದ ಬರೆಯಲು ದೊರೆತ ಮೊದಲ ಅವಕಾಶ. ರವೀಂದ್ರನಾಥ ಟಾಗೋರರ ತತ್ತ್ವವನ್ನು ಕುರಿತ ಪುಸ್ತಕ 1918ರಲ್ಲಿ ಹೊರಬಂದಿತು. ಸಮಕಾಲೀನ ಪಾಶ್ಚಾತ್ಯ ದರ್ಶನದ ಮೇಲೆ ಮತಧರ್ಮದ ಪ್ರಭಾವವನ್ನು ಪರೀಕ್ಷಿಸುವ ಗ್ರಂಥ 1920ರಲ್ಲಿ ಬಂದಿತು. ಎರಡನೆಯದು ಹೊರದೇಶದ ವಿದ್ವಾಂಸರ ಕಣ್ಣನ್ನೂ ಸೆಳೆಯಿತು. ಕಡಲಾಚೆ ಕಾಲಿಡದ ಮೇಷ್ಟರೊಬ್ಬರು ಮೈಸೂರಿನಲ್ಲಿ ಕುಳಿತು ಯೂರೋಪಿನ ತತ್ತ್ವಜ್ಞರ ತಪ್ಪುಗಳನ್ನು ಎತ್ತಿ ತೋರಿಸಿದುದು ಆ ಕಾಲಕ್ಕೆ ಹೊಸದು.

ಮುಂದೆ ನಡೆದುದರಲ್ಲಿ ಒಂದು ಸೊಗಸಾದ ಅದಲುಬದಲು ಇದೆ. ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಐದನೆಯ ಜಾರ್ಜ್ದೊರೆಯ ಹೆಸರಿನ ತತ್ತ್ವಶಾಸ್ತ್ರದ ಪೀಠವಿತ್ತು. ದೇಶದಲ್ಲಿ ಆ ವಿಷಯಕ್ಕೆ ಅದಕ್ಕಿಂತ ದೊಡ್ಡ ಪೀಠವಿರಲಿಲ್ಲವೆನ್ನಬೇಕು. ಅಲ್ಲಿದ್ದ ಬ್ರಜೇಂದ್ರನಾಥ ಸೀಲರು ಮೈಸೂರಿನ ಉಪಕುಲಪತಿಗಳಾಗಿ ಬಂದರು. ತೆರವಾದ ಪೀಠಕ್ಕೆ ಸರ್ ಅಶುತೋಷ ಮುಖರ್ಜಿಯವರು ಮೈಸೂರಿನಿಂದ ರಾಧಾಕೃಷ್ಣನ್ನರನ್ನು ಕರೆಸಿಕೊಂಡರು. ಕಲ್ಕತ್ತೆ ತನ್ನ ಪ್ರಾಧ್ಯಾಪಕರನ್ನು ಮೈಸೂರಿಗೆ ಕೊಟ್ಟಿತು, ಮೈಸೂರು ತನ್ನವರನ್ನು ಕಲ್ಕತ್ತೆಗೆ. ನಷ್ಟವಾಯಿತೆಂದು ಎರಡು ಊರುಗಳೂ ಹೇಳುವಂತಿರಲಿಲ್ಲ.

ಬೀಳ್ಕೊಡುವ ದಿನದ ಕಥೆಯನ್ನು ಮೈಸೂರಿನ ಹಳಬರು ಮಕ್ಕಳು ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಮಗನ ಪುಸ್ತಕದಲ್ಲಿಯೂ ಅದಕ್ಕೆ ಎಡೆ ದೊರೆತಿದೆ. 1921. ಸಾರೋಟು ಬಂದು ನಿಂತಿತು. ವಿದ್ಯಾರ್ಥಿಗಳು ಕುದುರೆಗಳನ್ನು ಬಿಚ್ಚಿದರು, ಗಾಡಿಯನ್ನು ಹೂವಿನಿಂದ ಮುಚ್ಚಿದರು, ಮೂಕಿಗೆ ತಾವೇ ಹೆಗಲು ಕೊಟ್ಟು ಮೇಷ್ಟರನ್ನು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಬಿಳಿಯ ಪೇಟ, ಉದ್ದನೆಯ ಕೋಟು, ಕನ್ನಡಕ. ಸುತ್ತ ಹುಡುಗರ ಜಯಕಾರ. ದಾಖಲೆಗಳ ಕಚೇರಿಯಲ್ಲಿ ಇದಕ್ಕೆ ರಸೀದಿ ಇಲ್ಲ. ಗಾಡಿ ಎಳೆದ ಹುಡುಗರು ಮುಂದೆ ವಕೀಲರಾದರು, ಅಮಲ್ದಾರರಾದರು, ಉಪಾಧ್ಯಾಯರಾದರು. ತಮ್ಮ ತಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ಇದನ್ನು ಹೇಳಿದರು.

ಕಲ್ಕತ್ತೆಗೆ ಹೋದ ಮೇಲಿನ ಬದುಕು ಬೆಳಕಿನಲ್ಲಿ ನಡೆದುದು. ಆಂಧ್ರ ವಿಶ್ವವಿದ್ಯಾನಿಲಯ, ಆಕ್ಸ್‌ಫರ್ಡ್, ಕಾಶಿ, ದೆಹಲಿ ಎಲ್ಲಕ್ಕೂ ಪತ್ರಿಕೆಗಳ ವರದಿಗಳಿವೆ, ಛಾಯಾಚಿತ್ರಗಳಿವೆ. ಜೀವನಚರಿತ್ರೆಯನ್ನು ಬರೆದ ಗೋಪಾಲರು ಮದರಾಸಿನ ಮೈಲಾಪುರದಲ್ಲಿ ತಂದೆ ಕಟ್ಟಿಸಿದ ‘ಗಿರಿಜಾ’ ಎಂಬ ಮನೆಯಲ್ಲಿ ಬಾಳಿ, 2002ರ ಏಪ್ರಿಲಿನಲ್ಲಿ ಕಾಲವಾದರು. ಅವರು ಹುಟ್ಟಿದ ಕಾಲಕ್ಕೆ ಎಡ್ವರ್ಡ್ ಎಲಿಯಟ್ಸ್ ರಸ್ತೆ ಎಂದು ಹೆಸರಾಗಿದ್ದ ಆ ಬೀದಿ ಈಗ ಡಾಕ್ಟರ್ ರಾಧಾಕೃಷ್ಣನ್ ಸಾಲೈ. ಅಲ್ಲಿಂದ ಪೂರ್ವಕ್ಕೆ ನಡೆದರೆ ಸಮುದ್ರ. ಸಮುದ್ರದ ದಡದಲ್ಲಿ ಎಡಕ್ಕೆ ತಿರುಗಿ ಒಂದಷ್ಟು ದೂರ ಸಾಗಿದರೆ ತಂದೆ 1909ರಲ್ಲಿ ಮೊದಲ ಸಂಬಳ ಎಣಿಸಿಕೊಂಡ ಕಾಲೇಜು.